ಬೇಕೆಂದು ನೆಟ್ಟ ಅವರೆ

ನಾನೊಮ್ಮೆ ಸೀನಿದ್ದಕ್ಕೆ ಒಂದು ಕಾಡು ಹುಟ್ಟಿದೆ. ನಂಬದವರು ಬಂದು ನೋಡಬಹುದು. ದೋಣಿ ಕಟ್ಟುವ ದಕ್ಕೆಯಿಂದ ಉತ್ತರಕ್ಕೆ ಕಣ್ಣು ಹಾಯುವಷ್ಟು ದೂರ ಹಬ್ಬಿರುವ ಸೀಬೆಮರಗಳಿವೆಯಲ್ಲ, ಅವು ಅಷ್ಟೂ ನನ್ನ ಮೂಗಿನಿಂದ ಬಂದವು. ಹಣ್ಣು ಬಾಯಲ್ಲಿತ್ತು, ಸೀನು ಬಂತು, ಬೀಜ ಹಾರಿತು, ಅಷ್ಟೆ. ಈ ಖಂಡದಲ್ಲಿ ಇವತ್ತು ನೆರಳು ಅಂತ ಏನಿದೆಯೋ ಅದರ ಮುಕ್ಕಾಲು ಪಾಲು ನನ್ನ ಅಂಗಿಯ ಎಡಗಡೆ ಜೇಬಿನಿಂದ ಉದುರಿದ್ದು. ಉಳಿದ ಕಾಲು ಪಾಲು ಬಲಗಡೆ ಜೇಬಿನಿಂದ. ನಾನು ಹಡಗಿನಿಂದ ಇಳಿದ ಕಾಲಕ್ಕೆ ಇಲ್ಲಿ ಕೊಂಬೆ ಅನ್ನುವುದೇ ಇರಲಿಲ್ಲ, ಕಾಗೆಗಳು ಪಾಪ ಒಂದರ ಬೆನ್ನ ಮೇಲೊಂದು ಕೂತು ನಿದ್ದೆ ಮಾಡುತ್ತಿದ್ದವು. ಈಗ ನೋಡಿ. ಅದರಲ್ಲೂ ಅವರೆ! ಅವರೆಯನ್ನು ಈ ನೆಲಕ್ಕೆ ಹಿಡಿಸಿದವನು ನಾನೇ, ನಾನೊಬ್ಬನೇ, ಅದೂ ಒಂದಿಷ್ಟೂ ಯೋಚನೆ ಮಾಡದೆ.

ನಮ್ಮೂರಿಗೆ ಹೆಸರಿರಲಿಲ್ಲ. ಹಡಗಿನವರು ‘ಅಲ್ಲಿ’ ಅನ್ನುತ್ತಿದ್ದರು, ನಾವು ‘ಇಲ್ಲಿ’ ಅನ್ನುತ್ತಿದ್ದೆವು, ಅಷ್ಟರಲ್ಲೇ ಎಲ್ಲರ ಕೆಲಸವೂ ನಡೆದುಹೋಗುತ್ತಿತ್ತು. ಒಂದು ಕಡೆ ಕಡಲು, ಮಿಕ್ಕ ಕಡೆಗಳಲ್ಲಿ ಹೆಗಲೆತ್ತರದ ನೀಲಿ ಹುಲ್ಲು. ಕಡಲಿನ ಆಚೆ ನಾವು ಬಿಟ್ಟುಬಂದ ನಾಡು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಒಂದು ಹಡಗು ಬಂದು ಹೊಸಬರನ್ನು ಇಳಿಸಿ, ಬೇಸತ್ತವರನ್ನು ಹತ್ತಿಸಿಕೊಂಡು ವಾಪಸು ಹೋಗುತ್ತಿತ್ತು. ನಾನು ದಕ್ಕೆಯಲ್ಲಿ ಮೂಟೆ ಇಳಿಸುವವನು, ಹೆಸರು ಜವರಪ್ಪ. ಆ ವಯಸ್ಸಿನಲ್ಲಿ ಎರಡು ಹೆಗಲಿಗೆ ಎರಡು ಮೂಟೆ, ತಲೆಯ ಮೇಲೊಂದು ಮೂಟೆ, ಅದರ ಮೇಲೆ ಮೂಟೆಯ ಯಜಮಾನನನ್ನೂ ಕೂರಿಸಿಕೊಂಡು, ಅವನಿಗೆ ಬಿಸಿಲು ತಾಗದ ಹಾಗೆ ಕೊಡೆಯನ್ನೂ ಹಿಡಿದುಕೊಂಡು ಬರುತ್ತಿದ್ದೆ.

ಇಲ್ಲಿಯ ಮಣ್ಣಿಗೆ ಒಂದು ಗುಣವಿತ್ತು. ಕಡಲಾಚೆಯಿಂದ ಬಂದದ್ದನ್ನು ಬೇಕೆಂದು ನೆಟ್ಟರೆ ಅದು ಇಟ್ಟುಕೊಳ್ಳುತ್ತಿರಲಿಲ್ಲ. ಗುಂಡಿ ತೋಡಿ, ಗೊಬ್ಬರ ಹಾಕಿ, ಕೈಮುಗಿದು ಇಟ್ಟ ಬೀಜ ವಾರದೊಳಗೆ ಕೊಳೆತು ಕಪ್ಪಾಗುತ್ತಿತ್ತು. ಉದುರಿದ್ದು, ಮರೆತದ್ದು, ಉಗಿದದ್ದು, ಕದ್ದೊಯ್ಯುವಾಗ ಜಾರಿದ್ದು ಮಾತ್ರ ಬದುಕುತ್ತಿತ್ತು. ಹಾಗೆ ಹುಟ್ಟಿದ ಗಿಡ ಹೂಬಿಟ್ಟು, ತನ್ನ ಬೀಜವನ್ನು ತಾನೇ ಉದುರಿಸಿ, ಆ ಬೀಜ ಮತ್ತೆ ಮೊಳೆತರೆ ಮುಗಿಯಿತು, ಆಮೇಲೆ ಅದು ಈ ಊರಿನದೇ. ಆಮೇಲೆ ಸಾಲು ಹಿಡಿದು ಬಿತ್ತಿದರೂ ಮಣ್ಣು ಮುಖ ತಿರುಗಿಸುತ್ತಿರಲಿಲ್ಲ. ಕಷ್ಟವೆಲ್ಲ ಆ ಮೊದಲನೆಯದರದ್ದು.

ಹೀಗಾಗಿ ನಮ್ಮೂರಿನ ಒಂದೊಂದು ಸೊಪ್ಪಿನ ಹಿಂದೆಯೂ ಯಾರದೋ ಒಂದು ಬೇಜವಾಬ್ದಾರಿಯ ಕಥೆಯಿತ್ತು. ಉತ್ತರಾಣಿ ಯಾವುದೋ ಹೆಂಗಸಿನ ಸೀರೆಯಂಚಿಗೆ ಕಚ್ಚಿಕೊಂಡು ಬಂತು. ರಾಗಿ, ಇಲಿ ಕಡಿದ ಮೂಟೆಯಿಂದ ದಕ್ಕೆಯ ದಾರಿಯುದ್ದಕ್ಕೂ ಸುರಿದು ಹುಟ್ಟಿತು. ಬಟ್ಟೆ ಒಣಹಾಕುವ ಹಗ್ಗಕ್ಕೆ ಊರುಗೋಲು ಕೊಟ್ಟ ನುಗ್ಗೆಯ ಕೊಂಬೆ, ಒದ್ದೆ ಬಟ್ಟೆಯನ್ನು ಹೊತ್ತುಕೊಂಡೇ ಚಿಗುರಿತು. ಬಾಳೆ ಮಾತ್ರ ಬಹಳ ಸತಾಯಿಸಿತು. ಅಷ್ಟು ದಪ್ಪನೆಯ ಕಂದನ್ನು ಕೈತಪ್ಪಿ ಬೀಳಿಸಿದೆ ಅಂದರೆ ಮಣ್ಣಿರಲಿ, ಎಮ್ಮೆಯೂ ನಂಬುವುದಿಲ್ಲ. ಕೊನೆಗೆ ಹೊಸದಾಗಿ ಇಳಿದ ಗಂಡ ಹೆಂಡತಿ ಜಗಳವಾಡಿ, ಕೈಗೆ ಸಿಕ್ಕಿದ್ದನ್ನು ಒಬ್ಬರ ಮೇಲೊಬ್ಬರು ಎಸೆದಾಡಿದಾಗ ಒಂದು ಕಂದು ಬೇಲಿಯಾಚೆ ಬಿದ್ದು ಬೇರುಬಿಟ್ಟಿತು. ಆ ದಂಪತಿಗೆ ಊರಿನವರು ಸೇರಿ ಸನ್ಮಾನ ಮಾಡಿದರು. ಅವರು ಸನ್ಮಾನದಲ್ಲೂ ಜಗಳವಾಡಿದರು. ಎಲ್ಲರೂ ಆಸೆಯಿಂದ ನೋಡುತ್ತಿದ್ದೆವು, ಆದರೆ ಆವತ್ತು ಅವರ ಕೈಯಲ್ಲಿ ಹಾರ ಬಿಟ್ಟು ಬೇರೇನೂ ಇರಲಿಲ್ಲ.

ಹೊಸದಾಗಿ ಬಂದವರು ಬೇಲಿ ಕಟ್ಟಿ, ಪಾತಿ ಮಾಡಿ, ಬೆಳಗಾಗೆದ್ದು ನೀರು ಹೊರುವುದನ್ನು ನಾವು ಜಗಲಿಯ ಮೇಲೆ ಕೂತು ನೋಡುತ್ತಿದ್ದೆವು. ಗುಟ್ಟು ಹೇಳಿಕೊಟ್ಟರೆ ಬೇಕೆಂದೇ ಬೀಳಿಸುತ್ತಾರೆ, ಆಗಲೂ ಹುಟ್ಟುವುದಿಲ್ಲ. ಆದ್ದರಿಂದ ಯಾರೂ ಹೇಳುತ್ತಿರಲಿಲ್ಲ. ಮೊಳಕೆ ಕಂಡರೂ ಕಾಣದವರ ಹಾಗೆ ದಾಟಿಹೋಗುವುದು ಮರ್ಯಾದೆ. ಗಿಡವನ್ನು ಕೇಳಿ ಪಡೆಯುವುದು ಅವಮಾನ, ಕದಿಯಬೇಕು. ಬೀಗರು ಬಂದರೆ ಎಲೆಅಡಿಕೆ ಕೊಟ್ಟು, ಹಿತ್ತಿಲ ಬಾಗಿಲು ತೆರೆದಿಟ್ಟು, ಮನೆಯವರು ಒಳಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತಿದ್ದರು. ಹೊರಡುವಾಗ ಬೀಗಿತ್ತಿಯ ಸೊಂಟದಲ್ಲಿ ದೊಡ್ಡಪತ್ರೆಯ ಕಡ್ಡಿ ಇಣುಕುತ್ತಿದ್ದರೆ ಮನೆಯೊಡತಿಗೆ ಕಣ್ತುಂಬ ಸಂತೋಷ. ಯಾರೂ ಏನೂ ಕದಿಯದೆ ಹೋದರೆ ವಾರಗಟ್ಟಲೆ ಮುನಿಸು.

ಬರಬರುತ್ತಾ ಈ ಅಭ್ಯಾಸ ನಮ್ಮ ನಾಲಿಗೆಗೂ ಹತ್ತಿತು. ನಮ್ಮೂರಿನಲ್ಲಿ ಯಾರೂ ಯಾವುದನ್ನೂ ‘ಬೇಕು’ ಅನ್ನುತ್ತಿರಲಿಲ್ಲ. ಮಕ್ಕಳು ಬೆಲ್ಲಕ್ಕೆ ಕೈ ಚಾಚಿಕೊಂಡೇ “ಬೆಲ್ಲ ಬ್ಯಾಡಕನವ್ವ” ಅನ್ನುತ್ತಿದ್ದವು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು, “ನಿಮ್ಮ ಹುಡುಗಿ ನಮಗೇನೂ ಬೇಕಾಗಿಲ್ಲ” ಅಂದರೆ, ಹೆಣ್ಣಿನ ಕಡೆಯವರು “ನಾವೇನೂ ಕೊಡೋಕೆ ಕೂತಿಲ್ಲ” ಅನ್ನುತ್ತಿದ್ದರು, ಲಗ್ನ ನಿಶ್ಚಯವಾಗುತ್ತಿತ್ತು.

ಈಗ ನಿಂಗಾಜಿಯ ವಿಷಯ. ದಕ್ಕೆಯ ಪಕ್ಕದಲ್ಲೇ ಅವಳು ಮುದ್ದೆ-ಸಾರಿನ ಮನೆ ಇಟ್ಟಿದ್ದಳು. ಅಣ್ಣನ ಜೊತೆ ಬಂದವಳು. ಅಣ್ಣ ಹುಲ್ಲುಗಾವಲಿನಾಚೆ ಎಲ್ಲೋ ಮದುವೆಯಾಗಿ ನೆಲೆನಿಂತ, ಇವಳು ಒಲೆಯ ಮುಂದೆ ಉಳಿದಳು. ನಾನು ಎರಡು ಹೊತ್ತೂ ಅಲ್ಲೇ ಉಣ್ಣುತ್ತಿದ್ದೆ. ಒಂದೊಂದು ಮುದ್ದೆ ಹಡಗಿನ ಲಂಗರಿನಷ್ಟಿರುತ್ತಿತ್ತು, ಅಂಥವು ಹನ್ನೆರಡು ನುಂಗಿ ಕೈ ತೊಳೆಯುತ್ತಿದ್ದೆ. ಊರಿನವರೆಲ್ಲ, ಹಲ್ಲು ಬಿದ್ದ ಮುದುಕಿಯರೂ ಸೇರಿ, ನನ್ನನ್ನು ಜವರಣ್ಣ ಅನ್ನುತ್ತಿದ್ದರು. ಅವಳೊಬ್ಬಳು ಅಣ್ಣ ಅನ್ನುತ್ತಿರಲಿಲ್ಲ, ‘ಏನಯ್ಯಾ’ ಅನ್ನುತ್ತಿದ್ದಳು. ಅದಕ್ಕೇನೂ ವಿಶೇಷ ಅರ್ಥವಿಲ್ಲ. ಸುಮ್ಮನೆ ಹೇಳಿದೆ.

“ಏನಯ್ಯಾ, ಸಾರು ಹೆಂಗದೆ?” ಎಂದು ದಿನಾ ಕೇಳುತ್ತಿದ್ದಳು.

“ಅಮೃತ ಕನಮ್ಮಿ. ದೇವತೆಗಳು ಸಾಲಾಗಿ ನಿಂತವ್ರೆ, ಒಳೀಕೆ ಬಿಡ್ಲಾ ಬ್ಯಾಡ್ವಾ ನೋಡು.”

“ಸುಳ್ಳು ಬೊಗಳ್ಬ್ಯಾಡ. ಅವರೆ ಹಾಕ್ದಿರೋ ಸಾರು ಅದೂ ಒಂದು ಸಾರಾ? ಬಿಸಿನೀರ್ಗೆ ಖಾರ ಕಲಸಿ ನಿಮ್ಗೆಲ್ಲ ಮೋಸ ಮಾಡ್ತಾ ಇವ್ನಿ.”

ಅವಳು ಒಂದು ಬಟ್ಟೆಯ ಚೀಲದ ತುಂಬ ಅವರೆಬೀಜ ತಂದಿದ್ದಳು. ಅವರೆಯ ಮಾತೆತ್ತಿದರೆ ಅವಳ ಸೌಟು ಗಾಳಿಯಲ್ಲೇ ನಿಲ್ಲುತ್ತಿತ್ತು. ಇಬ್ಬನಿ ಬಿದ್ದ ಹೊಲದಲ್ಲಿ ಬೆಳಗ್ಗೆ ಹಾದುಬಂದರೆ ಸೀರೆಯ ನೆರಿಗೆಗೆ ಅಂಟುವ ಸೊಗಡು, ಎಷ್ಟು ಒಗೆದರೂ ಹೋಗದ್ದು. ಸುಲಿದು ಸುಲಿದು ಉಗುರಿನ ಸಂದಿಯಲ್ಲಿ ಕೂತ ಕಪ್ಪು. ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ‘ಚಕ್’ ಎಂದು ಹಾರಿ ಅಕ್ಕನ ಕೆನ್ನೆಗೆ ಬಡಿಯುವ ಹಿತಕಿದ ಬೇಳೆ, ಅದಕ್ಕೆ ಅವ್ವನ ಗದರಿಕೆ. ನಾವು ಮೂಟೆ ಹೊರುವವರು ಮುದ್ದೆ ಮುರಿಯುವುದನ್ನು ಮರೆತು ಕೇಳುತ್ತಿದ್ದೆವು. ನಮಗೂ ಒಬ್ಬೊಬ್ಬರಿಗೆ ಒಂದೊಂದು ಹೊಲ, ಒಂದೊಂದು ಗದರಿಕೆ ನೆನಪಾಗುತ್ತಿತ್ತು. ಆದರೆ ಸೊಗಡನ್ನು ಮಾತ್ರ ಎಷ್ಟು ನೆನೆದರೂ ಮೂಗಿಗೆ ತಂದುಕೊಳ್ಳಲಾಗುತ್ತಿರಲಿಲ್ಲ.

ಬಂದ ಮೊದಲ ವರ್ಷ ನಿಂಗಾಜಿ ಪಾತಿ ಮಾಡಿ ನೆಟ್ಟು ಕಳೆದುಕೊಂಡಳು. ಆಮೇಲೆ ಊರಿನ ಗುಣ ತಿಳಿದು, ವರ್ಷವರ್ಷವೂ ಒಬ್ಬೊಬ್ಬರಿಗೆ ನಾಲ್ಕು ಕಾಳು ಕೊಟ್ಟು ಎಲ್ಲಾದರೂ ಕಳೆದುಬಿಡಿ ಎಂದು ಬೇಡಿಕೊಂಡಳು. ಜನ ಒಳ್ಳೆಯವರು, ನಡೆಯುತ್ತಾ ಬೀಳಿಸಿದರು, ಕೆಮ್ಮುತ್ತಾ ಬೀಳಿಸಿದರು, ಅಮಲಿನಲ್ಲೂ ಬೀಳಿಸಿದರು. ಒಂದೂ ಏಳಲಿಲ್ಲ. ಊರಿಗೆಲ್ಲ ಹಿರಿಯಳಾದ ದೊಡ್ಡತಾಯವ್ವ ಎಲ್ಲರನ್ನೂ ಬೈದಳು: “ಎದೆನಾಗೆ ಬೇಕು ಅಂದ್ಕೊಂಡು ಕೈನಾಗೆ ಬೀಳಿಸಿದ್ರೆ ಮಣ್ಣಿಗೆ ಗೊತ್ತಾಗಕಿಲ್ವಾ? ಮನುಷ್ಯರ ತಾವ ನಾಟಕ ನಡೀತದೆ ಕಣ್ರಲಾ, ಮಣ್ಣಿನ ತಾವ ನಡೆಯಕಿಲ್ಲ.”

ಚೀಲ ತಳ ಕಂಡ ವರ್ಷ ನಿಂಗಾಜಿ ನನ್ನ ತಟ್ಟೆಗೆ ಸಾರು ಬಿಡುತ್ತಾ ಹೇಳಿದಳು. “ಈ ಸಲ ಅವರೆ ಹುಟ್ನಿಲ್ಲ ಅಂದ್ರೆ ಬರೋ ಹಡಗ್ಗೆ ನಾನು ಹೊಂಟೆ ಕಣಯ್ಯಾ. ಅಕ್ಕನ ಮನೆ ಸೇರ್ಕತೀನಿ. ಮೂಗಿಗೆ ಗುರ್ತಿಲ್ದಿರೋ ಊರ್ನಾಗೆ ಎಷ್ಟು ದಿನ ಅಂತ ಇರದು?”

ನಾನು ನಕ್ಕೆ. ನನಗೇನು? ಇವಳು ಹೋದರೆ ಇನ್ನೊಬ್ಬರು ಮುದ್ದೆ ತೊಳಸುತ್ತಾರೆ. “ಅಯ್ಯೋ, ಇಷ್ಟು ದಿನ ನನ್ನ ಬಿಟ್ಟು ಊರೋರ್ಗೆಲ್ಲ ಯಾಕೆ ಕೊಟ್ಟೆ? ಒಂದು ಹಿಡಿ ಇತ್ಲಾಗ್ ಕೊಡು. ಈ ಖಂಡದಾಗೆ ನನ್ನಂಥ ಮರೆಗುಳಿ ಇನ್ನೊಬ್ಬ ಇಲ್ಲ” ಅಂದೆ.

ಅವಳು ಚೀಲದಿಂದ ಒಂದು ಹಿಡಿ ತೆಗೆದು ನನ್ನ ಬೊಗಸೆಗೆ ಹಾಕಿದಳು. ಅವಳಿಗೆ ಉಳಿದದ್ದು ತಳದ ಪುಡಿಗಾಳಷ್ಟೆ. “ನೆಪ್ಪಿರ್ಲಿ” ಅಂದಳು, “ಮರೀಬೇಕು.”

ಮರೆತೆ. ಎಂಥಾ ಮರೆವು ಅಂತೀರಿ! ಹರಿದ ಜೇಬಿಗೆ ಹಾಕಿಕೊಂಡು, ಕಾಳನ್ನೂ ಮರೆತೆ, ಜೇಬನ್ನೂ ಮರೆತೆ, ಎರಡು ದಿನ ನನ್ನ ಹೆಸರನ್ನೂ ಮರೆತು ಯಾರು ಯಾವ ಹೆಸರಿನಿಂದ ಕರೆದರೂ ಓಗೊಡುತ್ತಿದ್ದೆ. ಆ ಮಳೆಗಾಲವೆಲ್ಲ ನಾನು ಎಲ್ಲರಿಗಿಂತ ಮುಂಚೆ ಎದ್ದು ಉಪ್ಪಿನ ಕೊಟ್ಟಿಗೆಯ ಹಿಂದೆ, ದಕ್ಕೆಯ ಮೆಟ್ಟಿಲ ಕೆಳಗೆ, ಬಾವಿಯ ಸುತ್ತ ಓಡಾಡುತ್ತಿದ್ದದ್ದು ನಿಜ. ಬೆಳಗಿನ ಗಾಳಿ ಮೂಟೆ ಹೊರುವವರ ಮೈಗೆ ಒಳ್ಳೆಯದು.

ಮಳೆ ಮುಗಿಯುತ್ತಾ ಬಂತು. ನಿಂಗಾಜಿ ಪೆಟ್ಟಿಗೆಯ ಬೀಗಕ್ಕೆ ಎಣ್ಣೆ ಬಿಟ್ಟಳು. ಹಂಡೆ, ಒನಕೆ, ಒರಳುಗಳನ್ನು ಯಾರು ಯಾರಿಗೆ ಎಂದು ಬಾಯಲ್ಲೇ ಹಂಚಿದಳು. ನನಗೆ ಸೌಟು ಬಂತು. ಅಂಥ ಒಂದು ದಿನ ದೊಡ್ಡತಾಯವ್ವ ನಿಂಗಾಜಿಯ ಮನೆಯಿಂದ ಆಕಾಶ ನೋಡುತ್ತಾ ಹೊರಬಂದಳು. ನಮ್ಮೂರಿನಲ್ಲಿ ಹಿರಿಯರು ಹಾಗೆ ಆಕಾಶ ನೋಡುತ್ತಾ ನಡೆದರೆ ನೆಲದಲ್ಲಿ ಏನೋ ಇದೆ ಎಂದರ್ಥ. ನಾವೂ ಒಬ್ಬೊಬ್ಬರಾಗಿ ಆಕಾಶ ನೋಡುತ್ತಾ ಅತ್ತ ಹೋದೆವು. ಬಚ್ಚಲಿನ ಹಿಂದೆ, ನೀರು ಹರಿಯುವ ಕಡೆ, ಎರಡೆಲೆ ಬಿಚ್ಚಿಕೊಂಡು ಒಂದು ಅವರೆಬಳ್ಳಿ ನಿಂತಿತ್ತು.

ಆಮೇಲಿನದನ್ನು ನಾನು ಸ್ವಲ್ಪ ತಗ್ಗಿಸಿಯೇ ಹೇಳುತ್ತೇನೆ. ಆ ಬಳ್ಳಿ ಬೆಳಗ್ಗೆ ಬಚ್ಚಲ ಗೋಡೆ ಹತ್ತಿ, ಮಧ್ಯಾಹ್ನಕ್ಕೆ ಸೂರು ದಾಟಿ, ಸಂಜೆಗೆ ಪಕ್ಕದ ಮನೆಯವರ ಕಿಟಕಿಯಿಂದ ಒಳಗೆ ಇಣುಕಿ ಏನಡುಗೆ ಎಂದು ಕೇಳಿತು. ನಿಂತ ಎತ್ತಿನ ಕೊಂಬಿಗೆ ಸುತ್ತಿಕೊಂಡಿತು, ಎತ್ತು ಮನೆಗೆ ಬರಲಾರದೆ ಅದಕ್ಕೆ ಅಲ್ಲೇ ಮೇವು ಹಾಕಬೇಕಾಯಿತು. ಹಗಲು ಗಿಡ್ಡವಾಗಿ ಚಳಿ ಇಳಿದ ಮೇಲೆ ಬಿಳಿ ಹೂ, ನಸು ನೇರಳೆ ಹೂ, ಬೆನ್ನಿಗೇ ಕಾಯಿ. ಒಂದು ಬೆಳಗ್ಗೆ ಇಬ್ಬನಿಯ ಜೊತೆ ಸೊಗಡು ಎದ್ದು ದಕ್ಕೆಯ ಕಡೆ ಬಂತು. ಇದೊಂದನ್ನು ಹೆಚ್ಚಿಸಿ ಹೇಳಲು ನನಗೂ ಬರುವುದಿಲ್ಲ. ಹಗ್ಗ ಎಳೆಯುತ್ತಿದ್ದವರು ಹಗ್ಗ ಹಿಡಿದುಕೊಂಡೇ ನಿಂತರು. ಬೈದಾಡುತ್ತಿದ್ದ ಇಬ್ಬರು ಬಯ್ಗುಳವನ್ನು ಅರ್ಧಕ್ಕೇ ಬಿಟ್ಟು ಮೂಗು ಮೇಲೆತ್ತಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಮಗೆ ಈ ಊರಿನಲ್ಲಿ ಚಳಿಗಾಲ ಬಂತು ಅನ್ನಿಸಿತು.

ಮುಂದೆ ಅದು ಉದುರಿಸಿದ ಬೀಜ ಊರು ದಾಟಿ, ಹುಲ್ಲುಗಾವಲು ದಾಟಿ, ನಾವು ಕಾಲಿಡದ ಕಡೆಗಳಿಗೂ ಹೋಯಿತು. ಆ ನೀಲಿ ಹುಲ್ಲು ಈಗಿಲ್ಲ. ಗಾಳಿ ಬಂದಾಗ ಅದು ಇನ್ನೊಂದು ಕಡಲಿನ ಹಾಗೆ ತೂಗುತ್ತಿತ್ತು. ಅದಕ್ಕೊಂದು ಹೆಸರಿಡಬೇಕು ಎಂದು ನಮಗ್ಯಾರಿಗೂ ತೋಚಲಿಲ್ಲ. ತೋಚುವಷ್ಟರಲ್ಲಿ ಅದರ ಮೇಲೆಲ್ಲ ಅವರೆ ಮಲಗಿತ್ತು.

ಅವರೆ ಬಂತು, ಇನ್ನು ನಿಂಗಾಜಿ ಹೋಗುವುದಿಲ್ಲ ಎಂದು ಎಲ್ಲರೂ ಅಂದುಕೊಂಡೆವು. ಹಡಗು ಬಂತು. ನಿಂಗಾಜಿ ಪೆಟ್ಟಿಗೆ ಎತ್ತಿಸಿ ಸೋಮನ ದೋಣಿಯಲ್ಲಿ ಇಡಿಸಿದಳು. ದಡದಿಂದ ಹಡಗಿಗೆ ಜನರನ್ನು ಮುಟ್ಟಿಸುವವನು ಅವನೇ.

“ಅಲ್ಲ ಕಣಮ್ಮಿ, ಅವರೆ ಬತ್ತಲ್ಲ!” ಅಂದಳು ದೊಡ್ಡತಾಯವ್ವ.

“ಬತ್ತು, ಇಲ್ಲ ಅಂದೋರ್ಯಾರು? ಬೇಕು ಬೇಕು ಅಂತ ಕಣ್ಣೀರು ಹಾಕಿದಷ್ಟು ವರ್ಷ ಬರ್ನಿಲ್ಲ. ಬ್ಯಾಡ ಅಂದೋರ್ಗೇ ಕೊಡೋ ಊರು ಇದು. ಇಲ್ಲಿ ಇದ್ದೂ ಇದ್ದೂ ಮನುಷ್ಯರೂ ಹಂಗೇ ಆಗೋಗವ್ರೆ. ಒಬ್ರು ಬಾಯ್ಬಿಟ್ಟು ಇದು ನಂಗೆ ಬೇಕು ಅಂದಿದ್ದು ನಾ ಕೇಳಿಲ್ಲ. ನಂಗೆ ಸಾಕಾಗದೆ, ದೊಡ್ಡತಾಯವ್ವ. ಒಂದ್ಸಲ ಎಲ್ಲಾರ್ಗೂ ಅವರೆಕಾಳು ಸಾರು ಮಾಡಿ ಇಕ್ಕಿ ಹೊಂಟೋಯ್ತೀನಿ.”

ಹಾಗೆ ಹಡಗು ಹೊರಡುವ ದಿನ ಬೆಳಗ್ಗೆ ಊರಿಗೂರೇ ದಕ್ಕೆಯ ಮೇಲೆ ಕೂತು ಅವರೆಕಾಯಿ ಸುಲಿಯಿತು. ನಡುವೆ ಕಾಯಿಯ ರಾಶಿ, ಸುತ್ತ ನಾವು. ನಿಂಗಾಜಿ ಮೊರ ಹಿಡಿದು ನನಗೆ ಎದುರಾಗಿ ಕೂತಿದ್ದಳು. ಕೆಳಗೆ ನೀರಿನಲ್ಲಿ ಸೋಮನ ದೋಣಿ, ಅದರಲ್ಲಿ ಅವಳ ಪೆಟ್ಟಿಗೆ ಕಾಣುತ್ತಿತ್ತು. ನಾನು ಅತ್ತ ನೋಡಬಾರದು ಎಂದು ಎಲ್ಲರನ್ನೂ ನೋಡುತ್ತಾ ಬಾಯಿ ಬಿಟ್ಟೆ. ಬಾಯಿ ಬಿಟ್ಟರೆ ನನ್ನದು ಗೊತ್ತಲ್ಲ. ಈ ಅವರೆ ಯಾರಿಂದ ಬಂತು ಎಂದು ಇವಳಿಗೆ ಗೊತ್ತಾದರೆ, ಆ ಉಪಕಾರಕ್ಕಾದರೂ ನಿಂತಾಳು ಎಂಬ ಹುಚ್ಚು ಲೆಕ್ಕ.

“ಸುಲೀರಿ, ಸುಲೀರಿ” ಅಂದೆ. “ಯಾರ ಜೇಬಿಂದ ಉದುರಿದ ಕಾಳು ಅಂತ ನೆನೆಸ್ಕೊಂಡು ಸುಲೀರಿ. ನೀವೆಲ್ಲ ವರ್ಷಗಟ್ಲೆ ಕೆಮ್ಮಿ ಸೀನಿ ಮಾಡ್ನಾರ್ದಿದ್ದನ್ನ ಈ ಜವರಪ್ಪ ಒಂದು ಹರಕು ಜೇಬ್ನಾಗೆ ಮಾಡಿ ತೋರಿಸ್ದ!”

ಜನ ಹೋ ಎಂದು ನಕ್ಕರು. ನಿಂಗಾಜಿ ತಲೆ ಎತ್ತಲಿಲ್ಲ. “ಹಂಗಾದ್ರೆ ಇದು ನಿನ್ನ ಜೇಬಿಂದ ಬಿದ್ದಿದ್ದು?”

“ಮತ್ತೆ?”

“ಬೇಕು ಅಂತ ಮಾಡಿದ್ದಲ್ಲ?”

“ಛೆ ಛೆ. ಬೇಕು ಅಂದಿದ್ರೆ ಹುಟ್ಟುತಿತ್ತಾ? ಮನಸ್ಸು ಖಾಲಿ ಕೊಡ ಇದ್ದಂಗಿತ್ತು. ಬಡಿದ್ರೆ ಸದ್ದು ಬರಬೇಕು, ಅಷ್ಟು ಖಾಲಿ.”

“ನಾನು ಈ ಊರ್ನಾಗಿದ್ರೂ ಒಂದೇ, ಹೋದ್ರೂ ಒಂದೇ ಅನ್ನೋವಷ್ಟು ಖಾಲಿ?”

ಈ ಊರಿನಲ್ಲಿ ಹುಟ್ಟಿ ಬೆಳೆದ ಕೂಸಿಗೂ ತಿಳಿಯುವ ವಿಷಯ, ನನಗೆ ಆಗ ತಿಳಿಯಿತು. ಅವರೆ ನನ್ನಿಂದ ಹುಟ್ಟಿದ್ದು ಹೌದಾದರೆ ಇವಳು ನನಗೆ ಬೇಕಾಗಿರಲಿಲ್ಲ. ಮಣ್ಣಿಗಿಂತ ದೊಡ್ಡ ಸಾಕ್ಷಿ ನಮ್ಮೂರಿನಲ್ಲಿ ಇನ್ನೊಂದಿಲ್ಲ. ಯಾರೋ ಕೆಮ್ಮಿದರು. ದೊಡ್ಡತಾಯವ್ವ ಆಕಾಶ ನೋಡತೊಡಗಿದಳು.

ಕೆಳಗಿನಿಂದ ಸೋಮ ಕೂಗಿದ: “ನಿಂಗಾಜಕ್ಕೋ, ನೀರಿಳೀತಾ ಅದೆ! ಬತ್ತೀಯೋ ಇಲ್ವೋ?”

ನಿಂಗಾಜಿ ಮೊರ ಕೆಳಗಿಟ್ಟು ನನ್ನನ್ನು ನೇರ ನೋಡಿದಳು. “ಚೀಲದ ತಳದಾಗೆ ಕುಟ್ಟೆಹುಳ ಹಿಡಿದಿದ್ದ ಕಾಳು ಉಳ್ಕಂಡಿತ್ತು. ಇನ್ನಾಗಕಿಲ್ಲ, ಹೊಂಟೋಗದೇ ಸೈ ಅಂತ, ಕಸದ ಜೊತೇಲಿ ಗುಡಿಸಿ ಬಚ್ಚಲ ಹಿಂದೆ ಸುರಿದೋಳು ನಾನು. ಅಲ್ಲೇ ಹುಟ್ಟಿದ್ದು ಇದು. ಹಂಗಾಗಿ ಇದರ ವಿಷಯ ನಂಗೆ ನೀನೇನೂ ಹೇಳ್ಬ್ಯಾಡ. ನಾನು ಕೊಟ್ಟ ಒಂದು ಹಿಡಿ ಕಾಳು ಏನು ಮಾಡ್ದೆ? ಅದು ಹೇಳು.”

ನನ್ನ ಬಾಯಲ್ಲಿ ಆಗಲೇ ಮೂರು ಸುಳ್ಳು ಸಿದ್ಧವಾಗಿದ್ದವು, ಒಂದಕ್ಕಿಂತ ಒಂದು ಚೆಂದ. ಒಂದರಲ್ಲಿ ತಿಮಿಂಗಿಲವೂ ಇತ್ತು. ನನ್ನ ಬೆರಳುಗಳನ್ನು ನೋಡಿಕೊಂಡೆ. ಉಗುರಿನ ಸಂದಿ ಕಪ್ಪಾಗಿತ್ತು.

“ನೆಟ್ಟೆ” ಅಂದೆ.

“ಏನು?”

“ಬೀಳಿಸ್ನಿಲ್ಲ. ಒಂದೊಂದೂ ನೆಟ್ಟೆ. ಮರೆಯೋಕೆ ಆಗ್ನಿಲ್ಲ ನಿಂಗಾಜಿ, ಏನು ಮಾಡಿದ್ರೂ ಆಗ್ನಿಲ್ಲ. ಜೇಬು ಹರ್ಕೊಂಡು ನಡೆದ್ರೆ, ಎಲ್ಲಿ ಬಿತ್ತು ಅಂತ ತಿರುಗಿ ನೋಡ್ತಿದ್ದೆ. ಉಪ್ಪಿನ ಕೊಟ್ಟಿಗೆ ಹಿಂದೆ ನೆಟ್ಟೆ. ಬಾವಿ ತಾವ ನೆಟ್ಟೆ. ಈ ಮೆಟ್ಲ ಕೆಳಗೆ ನೆಟ್ಟು, ಅದರ ನೆತ್ತಿ ಮೇಲೆ ಬಿಸ್ಲು ಬೀಳ್ದಂಗೆ ಮೂಟೆ ಅಡ್ಡ ಇಟ್ಟೆ. ಬೆಳಗಾಗೆ ಎದ್ದು ನೀರು ಹಾಕ್ದೆ. ಕೈ ಮುಗ್ದೆ. ಬೇಕು ಬೇಕು ಅಂತ ಬಾಯ್ಬಿಟ್ಟೇ ಹೇಳ್ದೆ ಮಣ್ಣಿಗೆ, ಇವಳು ಹೋಗ್ಬಾರ್ದು ಅಂತಲೂ ಹೇಳ್ದೆ.”

ನಮ್ಮೂರಿನಲ್ಲಿ ಅಂಥ ಮಾತನ್ನು ಹತ್ತು ಜನರ ಮುಂದೆ ಆಡಿದವರಿರಲಿಲ್ಲ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ನನ್ನ ಕಿವಿ ಕೆಂಡವಾಗಿತ್ತು. ಅದರಿಂದ ಬೀಡಿ ಹಚ್ಚಬಹುದಿತ್ತು ಎಂದು ಈಗಲೂ ಹೇಳಬಲ್ಲೆ, ಆದರೆ ಬೇಡ.

“ಅಕ್ಕೋ!” ಸೋಮ ಮತ್ತೆ ಕೂಗಿದ.

“ಪೆಟ್ಗೆ ದಡಕ್ಕಾಕಿ ನೀ ಹೋಗ್ಲಾ” ಎಂದು ನಿಂಗಾಜಿ ಅವನತ್ತ ತಿರುಗದೆಯೇ ಹೇಳಿದಳು. ಅವಳ ಕಣ್ಣು ನನ್ನ ಮೇಲೇ ಇತ್ತು. “ಅಷ್ಟೆಲ್ಲ ಮಾಡಿ, ಒಂದಾದ್ರೂ ಹುಟ್ತಾ?”

ಅಲ್ಲಿಯವರೆಗೆ ಯಾರು ಏನು ಕೇಳಿದರೂ ಹತ್ತರಷ್ಟು ಸೇರಿಸದೆ ನಾನು ಉತ್ತರ ಕೊಟ್ಟವನಲ್ಲ.

“ಇಲ್ಲ ನಿಂಗಾಜಿ” ಅಂದೆ. “ಒಂದೂ ಹುಟ್ನಿಲ್ಲ.”